ಸಂಖ್ಯೆಯಾಗಿ ಹೊರಡುವ ಧ್ವನಿ

ಗಡಿಯಾಚೆಯ ನಮ್ಮ ಅನೇಕ ಮನೆಗಳಲ್ಲಿ ಮಕ್ಕಳಿಗೆ ಕನ್ನಡವು ಪುಸ್ತಕಕ್ಕಿಂತ ಮೊದಲು ಕಿವಿಯಿಂದಲೇ ದೊರಕುತ್ತದೆ. ಅಜ್ಜಿಯ ಕಥೆಯನ್ನೋ ಹಾಡನ್ನೋ ಧ್ವನಿಮುದ್ರಿಸಿ ಕಾಪಾಡಿಕೊಂಡಿರುವ ಕುಟುಂಬಗಳೂ ಉಂಟು. ಆದರೆ ಮುದ್ರಿಕೆ ಶುದ್ಧವಾಗಿದ್ದರೂ ಕೇಳಿಸುವಾಗ ಅದು ಕೆಡಬಹುದು. ಸಕಾರ, ಶಕಾರಗಳ ಭೇದವು ಬಹುಮಟ್ಟಿಗೆ ಧ್ವನಿಯ ಉಚ್ಚ ಕಂಪನಗಳಲ್ಲಿರುತ್ತದೆ. ಯಂತ್ರದ ಬುಸುಗುಡುವ ಸದ್ದು ಅವನ್ನು ಸುಲಭವಾಗಿ ಮುಚ್ಚಿಬಿಡುತ್ತದೆ. ಹೀಗಾದಾಗ ಉಚ್ಚಾರ ಕಲಿಯಬೇಕಾದ ಮಗುವಿಗೆ ನಷ್ಟ.

ಮುದ್ರಿಕೆಗಳನ್ನು ಕೇಳಿಸಲು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ, ಒಂದೇ ಫಲಕದ ಗಣಕಯಂತ್ರವು ಅನುಕೂಲವಾದುದು. ಮಕ್ಕಳ ಶಿಕ್ಷಣವನ್ನು ಉದ್ದೇಶಿಸಿ ಬ್ರಿಟನ್ನಿನಲ್ಲಿ ರೂಪುಗೊಂಡ ಇದು 2012ರಲ್ಲಿ ಮಾರಾಟಕ್ಕೆ ಬಂದಿತು. ಇದರ ಹಲವು ಮಾದರಿಗಳಲ್ಲಿ ಹೆಡ್‌ಫೋನ್ ಕಿಂಡಿ ಇದೆ. ಆದರೆ ಅದರ ಹಿಂದೆ ಧ್ವನಿಗೆಂದೇ ಮೀಸಲಾದ ಪರಿವರ್ತಕವಿಲ್ಲ. ವಿದ್ಯುತ್ತನ್ನು ಅತಿವೇಗದಿಂದ ಹಚ್ಚಿ ಆರಿಸುತ್ತ ಧ್ವನಿಯ ಅಲೆಯನ್ನು ಅನುಕರಿಸುವ ಕ್ರಮ ಅಲ್ಲಿಯದು. 2023ರ ಪೈ 5 ಮಾದರಿಯಲ್ಲಿ ಆ ಕಿಂಡಿಯೇ ಇಲ್ಲ.

ಆದುದರಿಂದ ಧ್ವನಿಯನ್ನು ಸಂಖ್ಯಾರೂಪದಲ್ಲಿಯೇ ಹೊರತರುವುದು ಲೇಸು. ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಆ ಅಳತೆಗಳನ್ನು ಸಂಖ್ಯೆಗಳಾಗಿ ದಾಖಲಿಸಿರುತ್ತಾರೆ. ಮಗ್ಗಿಯನ್ನು ಯಾರ ಕೈಬರಹದಲ್ಲಿ ಬರೆದರೂ ಏಳೆಂಟ್ಲೆ ಐವತ್ತಾರೇ ಅಲ್ಲವೆ? ಹಾಗೆಯೇ ಸಂಖ್ಯೆಗಳಿಗೆ ದಾರಿಯ ಸಣ್ಣಪುಟ್ಟ ಸದ್ದು ಅಂಟುವುದಿಲ್ಲ.

ಇದಕ್ಕೆ ಮೂರು ಮಾರ್ಗಗಳುಂಟು. ಎಚ್‌ಡಿಎಂಐ ತಂತಿಯಿಂದ ದೂರದರ್ಶನ ಪೆಟ್ಟಿಗೆಗೆ ಜೋಡಿಸುವುದು ಎಲ್ಲಕ್ಕಿಂತ ಸುಲಭ. ಚಿತ್ರದೊಡನೆ ಧ್ವನಿಯೂ ಸಂಖ್ಯೆಯಾಗಿ ಹೋಗುತ್ತದೆ. ಯುಎಸ್‌ಬಿ ಕಿಂಡಿಗೆ ಪ್ರತ್ಯೇಕ ಪರಿವರ್ತಕವನ್ನು ಸಿಕ್ಕಿಸುವುದು ಎರಡನೆಯದು. ಮೂರನೆಯದು ಫಿಲಿಪ್ಸ್ ಸಂಸ್ಥೆಯವರು 1986ರಲ್ಲಿ ಪ್ರಕಟಿಸಿದ ಐ2ಎಸ್ ಪದ್ಧತಿ. ಪೈ ಫಲಕದ 40 ಪಿನ್ನುಗಳ ಪೈಕಿ 12ನೆಯದು ಭಾಗವತರ ತಾಳದಂತೆ ಗತಿಯನ್ನು ಕಾಯುತ್ತದೆ. 35ನೆಯದು ಎಡ ಯಾವುದು, ಬಲ ಯಾವುದು ಎಂದು ಸೂಚಿಸುತ್ತದೆ. 40ನೆಯದು ಸಂಖ್ಯೆಗಳನ್ನು ಸಾಗಿಸುತ್ತದೆ. ಈ ಮೂರನ್ನೂ ವಿದ್ಯುತ್ ಮತ್ತು ಗ್ರೌಂಡ್ ತಂತಿಗಳನ್ನೂ ಪರಿವರ್ತಕ ಫಲಕಕ್ಕೆ ಸೇರಿಸಬೇಕು. ಬಳಿಕ ಯಂತ್ರದ ಕಾನ್ಫಿಗ್ ಕಡತದಲ್ಲಿ ಆ ಫಲಕಕ್ಕೆ ಹೇಳಿದ ಒಂದು ಸಾಲನ್ನು ಬರೆದು, ಯಂತ್ರವನ್ನು ಪುನಃ ಆರಂಭಿಸಬೇಕು.

ಜೋಡಿಸುವಾಗ ವಿದ್ಯುತ್ ಸಂಪರ್ಕವನ್ನು ತಪ್ಪದೆ ತೆಗೆದಿರಬೇಕು. ಈ ಪಿನ್ನುಗಳ ಸಂಕೇತ 3.3 ವೋಲ್ಟಿನದು, 5 ವೋಲ್ಟಿನ ಸಂಕೇತ ತಗಲಿದರೆ ಯಂತ್ರ ಕೆಡಬಹುದು. ಧ್ವನಿವರ್ಧಕವನ್ನು ನೇರವಾಗಿ ಪಿನ್ನಿಗೆ ಜೋಡಿಸಲೇಬಾರದು.

ಇಷ್ಟೆಲ್ಲ ಮಾಡಿದರೂ ಮುದ್ರಿಕೆಯಲ್ಲಿ ಇಲ್ಲದ ಅಕ್ಷರವನ್ನು ಯಾವ ಪರಿವರ್ತಕವೂ ತಂದುಕೊಡಲಾರದು. ಹಿರಿಯರು ಮಾತನಾಡುವ ಸ್ಥಿತಿಯಲ್ಲಿರುವಾಗಲೇ, ಫ್ಯಾನು ನಿಲ್ಲಿಸಿ, ಮೈಕನ್ನು ಹತ್ತಿರವಿರಿಸಿ ಧ್ವನಿಮುದ್ರಿಸಿರಿ. ಅದರ ಪ್ರತಿಗಳನ್ನು ಎರಡು ಕಡೆಗಳಲ್ಲಿ ಇಡಿರಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಗಾಗ ಕೇಳಿಸಿರಿ.