ತಡವಾಗಿ ಬಂದ ಪಾರಿತೋಷಕ

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಪ್ರಾಂತಗಳಲ್ಲಿ ಮೋಟಾರು ಪಂದ್ಯವೆಂದರೆ ಜನರಿಗೆ ಜಾತ್ರೆಯಿದ್ದಂತೆ. ಸಂಸಾರಸ್ಥರು ಹತ್ತಿ ತಿರುಗುವ ಬಗೆಯ ಕಾರುಗಳನ್ನೇ ಬಲಪಡಿಸಿ, ದುಂಡನೆಯ ಹಾದಿಯಲ್ಲಿ ನೂರಾರು ಸುತ್ತು ಓಡಿಸುವ ಈ ಆಟಕ್ಕೆ ‘ಸ್ಟಾಕ್ ಕಾರ್’ ಪಂದ್ಯವೆಂದು ಹೆಸರು. ಇದರಲ್ಲಿ ಕೀರ್ತಿ ಗಳಿಸಿದ ವೆಂಡೆಲ್ ಸ್ಕಾಟನ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ಸ್ಕಾಟನು 1921ನೆಯ ಇಸವಿ ಆಗಸ್ಟ್ 29ರಂದು ವರ್ಜೀನಿಯಾ ಪ್ರಾಂತದ ಡ್ಯಾನ್‌ವಿಲ್ ಪಟ್ಟಣದಲ್ಲಿ, ಕರಿಯ ಜನಾಂಗದ ಕುಟುಂಬವೊಂದರಲ್ಲಿ ಜನಿಸಿದನು. ಮೋಟಾರು ರಿಪೇರಿಯನ್ನು ತಂದೆಯಿಂದ ಕಲಿತನು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಮೆಕ್ಯಾನಿಕ್ಕನಾಗಿ ಯೂರೋಪಿನಲ್ಲಿ ದುಡಿದು, ಊರಿಗೆ ಮರಳಿ ಗ್ಯಾರೇಜು ನಡೆಸಿದನು. ಆ ವರಮಾನವು ಸಾಲದೆ ರಾತ್ರಿಯ ವೇಳೆ ಕಳ್ಳಭಟ್ಟಿಯನ್ನು ಸಾಗಿಸಿದುದೂ ಉಂಟು; ಒಮ್ಮೆ ಸಿಕ್ಕಿಬಿದ್ದು ಶಿಕ್ಷೆಗೂ ಗುರಿಯಾದನು. ಆದರೆ ಪೋಲೀಸರ ಕಣ್ಣು ತಪ್ಪಿಸಿ ಓಡಿಸಿದ ಆ ಚಾಳಿಯೇ ಅವನ ಭಾಗ್ಯದ ಬಾಗಿಲನ್ನು ತೆರೆಯಿತು. 1952ರಲ್ಲಿ ಪ್ರೇಕ್ಷಕರನ್ನು ಸೆಳೆಯಲು ಕರಿಯ ಸವಾರನೊಬ್ಬನನ್ನು ಅರಸುತ್ತಿದ್ದ ಪಂದ್ಯದ ವ್ಯವಸ್ಥಾಪಕರು ಪೋಲೀಸರನ್ನೇ ವಿಚಾರಿಸಲು, ಅವರು ಸ್ಕಾಟನ ಹೆಸರನ್ನು ಹೇಳಿದರಂತೆ!

ಬಣ್ಣದ ಕಾರಣದಿಂದ ಕೆಲವು ಕಡೆಗಳಲ್ಲಿ ಅವನಿಗೆ ಪ್ರವೇಶವೇ ಇರಲಿಲ್ಲ. ಪ್ರವೇಶ ದೊರೆತೆಡೆಯಲ್ಲಿ ಬೈಗಳು ಕೇಳಿಬಂದವು; ಬೇಕೆಂದೇ ಕಾರಿಗೆ ಡಿಕ್ಕಿ ಹೊಡೆದವರೂ ಇದ್ದರು. ಆದರೂ ಎದೆಗುಂದದೆ 1959ರಲ್ಲಿ ವರ್ಜೀನಿಯಾ ಪ್ರಾಂತದ ಚಾಂಪಿಯನ್ ಪದವಿಯನ್ನು ಗಳಿಸಿ, 1961ರಲ್ಲಿ ಎಲ್ಲಕ್ಕೂ ಮೇಲಿನ ದರ್ಜೆಗೆ ಏರಿದನು. ಕಂಪೆನಿಗಳ ಬೆಂಬಲವಿಲ್ಲದ ಕಾರಣ ಹಳೆಯ ಕಾರುಗಳನ್ನೂ ಬಳಸಿದ ಭಾಗಗಳನ್ನೂ ಕೊಂಡು ತಾನೇ ಸರಿಪಡಿಸುತ್ತಿದ್ದನು. ಪಂದ್ಯದ ದಿನ ಗಂಡುಮಕ್ಕಳೇ ಅವನ ಸಹಾಯಕರು.

1963ರ ಡಿಸೆಂಬರ್ 1ರಂದು ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಅವನ ಷೆವ್ರೊಲೆ ಕಾರು ಎಲ್ಲರನ್ನೂ ಹಿಂದಿಕ್ಕಿತು. ಆದರೆ ಗೆದ್ದವನೆಂದು ಘೋಷಿಸಲ್ಪಟ್ಟವನು ಬಕ್ ಬೇಕರ್! ಪಾರಿತೋಷಕವೂ ಬೇಕರನ ಕೈಸೇರಿತು. ಕೆಲವು ಗಂಟೆಗಳಾದ ಮೇಲೆ, ಜನರೆಲ್ಲ ಚದುರಿದ ಬಳಿಕ, ಸುತ್ತುಗಳ ಲೆಕ್ಕ ತಪ್ಪಿತೆಂದು ಒಪ್ಪಿಕೊಂಡು ಸ್ಕಾಟನೇ ಗೆದ್ದನೆಂದು ಅಧಿಕಾರಿಗಳು ಸಾರಿದರು. ವಿಜಯಿಯನ್ನು ಬಿಳಿಯ ಸುಂದರಿಯೊಬ್ಬಳು ಮುದ್ದಿಟ್ಟು ಅಭಿನಂದಿಸುವ ಪದ್ಧತಿಯಿದ್ದುದರಿಂದಲೇ ಈ ‘ತಪ್ಪು’ ನಡೆಯಿತೆಂದು ಸ್ಕಾಟನ ಮನೆಯವರು ನಂಬಿದ್ದರು.

ಆ ದರ್ಜೆಯ ಪಂದ್ಯವನ್ನು ಗೆದ್ದ ಮೊದಲ ಕರಿಯ ಸವಾರನು ಅವನೇ. ಆ ದರ್ಜೆಯಲ್ಲಿ ಅವನಿಗೆ ಒದಗಿದ ವಿಜಯವೂ ಅದೊಂದೇ. ಅವಮಾನವನ್ನು ನುಂಗಿಕೊಂಡು ಮತ್ತೆ ಸುಮಾರು ಹತ್ತು ವರ್ಷ ಓಡಿಸಿದನು. 1966ರಲ್ಲಿ ವರ್ಷದ ಒಟ್ಟು ಅಂಕಗಳಲ್ಲಿ ಆರನೆಯವನಾದನು. ಒಟ್ಟು 495 ಪಂದ್ಯಗಳಲ್ಲಿ 147 ಸಲ ಮೊದಲ ಹತ್ತು ಮಂದಿಯೊಳಗೆ ನಿಂತನು. 1973ರಲ್ಲಿ ಟ್ಯಾಲಡೀಗಾದ ಅಪಘಾತದಲ್ಲಿ ಬಲವಾದ ಗಾಯಗಳಾಗಿ ಅವನ ಪಂದ್ಯಜೀವನವು ಮುಕ್ತಾಯಕ್ಕೆ ಬಂದಿತು. 1990ರ ಡಿಸೆಂಬರ್ 23ರಂದು ಕಾಲವಾದನು.

2015ರಲ್ಲಿ ನ್ಯಾಸ್ಕಾರ್ ಸಂಸ್ಥೆಯು ತನ್ನ ಕೀರ್ತಿಮಂದಿರದಲ್ಲಿ ಅವನಿಗೆ ಸ್ಥಾನವನ್ನಿತ್ತಿತು. ಗೆಲುವಿನ ಪಾರಿತೋಷಕವನ್ನು ಸಂಸ್ಥೆಯು ಅವನ ಕುಟುಂಬಕ್ಕೆ ಒಪ್ಪಿಸಿದುದು 2021ರಲ್ಲಿ, ಐವತ್ತೇಳು ವರ್ಷಗಳು ಕಳೆದ ಮೇಲೆ. ಅದನ್ನು ಕೈಯಲ್ಲಿ ಹಿಡಿಯುವ ಯೋಗ ಸ್ಕಾಟನಿಗಿರಲಿಲ್ಲ. ಅಂದು ತಂದೆಯ ಕಾರಿಗೆ ಚಕ್ರ ತೊಡಿಸಿದ ಮನೆತನವೇ ಅದನ್ನು ಸ್ವೀಕರಿಸಿತೆಂಬುದು ನಮಗೆ ಸಮಾಧಾನವನ್ನುಂಟುಮಾಡುವ ಸಂಗತಿ.