ಮಸ್ಕಿಯ 213 ಓಟು, ನಮ್ಮ ಕೆಲಸದವರ ರಜೆ

ನಮ್ಮ ಕರಾವಳಿಯಲ್ಲಿ ಮನೆ ಕಟ್ಟಿಸುವಾಗ ಸೆಂಟ್ರಿಂಗಿಗೆ, ಗಾರೆಗೆ, ಮಣ್ಣು ತೆಗೆಯಲಿಕ್ಕೆ ಬರುವವರಲ್ಲಿ ಘಟ್ಟದ ಮೇಲಿನವರೇ ಹೆಚ್ಚು. ಊರು ಯಾವುದೆಂದು ಕೇಳಿದರೆ ಹಲವರು ಲಿಂಗಸುಗೂರು, ಮಸ್ಕಿ, ಸಿಂಧನೂರು ಎನ್ನುತ್ತಾರೆ. ನಾವು ಕೇಳಿ ಮರೆತುಬಿಡುತ್ತೇವೆ. ಆದರೆ ‘ಓಟು ಹಾಕಿ ಏನು ಪ್ರಯೋಜನ ಉಂಟು?’ ಎಂದು ಕೇಳುವವರು ರಾಯಚೂರು ಜಿಲ್ಲೆಯ ಈ ಮೂರು ಕ್ಷೇತ್ರಗಳನ್ನು ಒಮ್ಮೆ ನೋಡಬೇಕು.

2018ರ ವಿಧಾನಸಭಾ ಚುನಾವಣೆಯಲ್ಲಿ ಮಸ್ಕಿಯಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರ ವಿರುದ್ಧ ಗೆದ್ದದ್ದು ಬರೀ 213 ಓಟುಗಳಿಂದ. ಒಂದು ಜಮಾಅತಿನಲ್ಲಿ ಜುಮಾಕ್ಕೆ ಸೇರುವಷ್ಟು ಜನ. ಅದೇ ವರ್ಷ ಸಿಂಧನೂರಿನಲ್ಲಿ ಗೆಲುವಿನ ಅಂತರ 2,000ಕ್ಕಿಂತ ಕಡಿಮೆ. 2023ರಲ್ಲಿ ಲಿಂಗಸುಗೂರಿನಲ್ಲಿ 3,000ಕ್ಕಿಂತ ಕಡಿಮೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಓಟಿನಿಂದ ಶಾಸಕರಾದದ್ದೂ ನಮ್ಮ ರಾಜ್ಯದಲ್ಲೇ. ‘ನನ್ನ ಒಂದು ಓಟಿನಿಂದ ಏನಾದೀತು’ ಎಂಬ ಮಾತು ಲೆಕ್ಕದಲ್ಲಿ ನಿಲ್ಲುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ತಕರಾರು ಇನ್ನೊಂದು ಉಂಟು. ‘ನಾವು ಒಬ್ಬರಿಗೆ ಹಾಕುತ್ತೇವೆ, ಅವರು ನಾಳೆ ಇನ್ನೊಂದು ಪಕ್ಷಕ್ಕೆ ಹೋಗುತ್ತಾರೆ. ಮತ್ಯಾಕೆ ಸಾಲಲ್ಲಿ ನಿಲ್ಲಬೇಕು?’ ಮಸ್ಕಿಯಲ್ಲಿ ಆದದ್ದೂ ಇದೇ. 2019ರ ಜುಲೈಯಲ್ಲಿ ಶಾಸಕರು ರಾಜೀನಾಮೆ ಕೊಟ್ಟರು, ಅನರ್ಹರಾದರು, ಆಮೇಲೆ ಬಿಜೆಪಿಗೆ ಹೋದರು. 2018ರ ಫಲಿತಾಂಶದ ಕೇಸು ಹೈಕೋರ್ಟಿನಲ್ಲಿ ಇದ್ದ ಕಾರಣ ಉಪಚುನಾವಣೆ ತಡವಾಯಿತು. ಸುಮಾರು ಎರಡು ವರ್ಷ ಮಸ್ಕಿಯವರಿಗೆ ಶಾಸಕರೇ ಇರಲಿಲ್ಲ. ಉಪಚುನಾವಣೆ ಬಂದಾಗ ಎದುರಾಳಿಯೂ ಪಕ್ಷ ಬದಲಿಸಿ ಕಾಂಗ್ರೆಸ್ಸಿನಿಂದ ನಿಂತಿದ್ದರು. ಅಭ್ಯರ್ಥಿಗಳು ಅವರೇ, ಬಾವುಟ ಮಾತ್ರ ಅದಲುಬದಲು!

ಬೇಸತ್ತು ಮನೆಯಲ್ಲಿ ಕೂರಲಿಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾ? ಆದರೂ 2021ರ ಏಪ್ರಿಲ್ 17ರಂದು, ಕೊರೊನಾದ ಎರಡನೇ ಅಲೆಯ ನಡುವೆ, ಅಲ್ಲಿನ ಜನ ಮತಗಟ್ಟೆಗೆ ಬಂದರು. ಮೇ 2ರಂದು ಎಣಿಕೆಯಾದಾಗ 213 ಓಟಿನಿಂದ ಸೋತಿದ್ದ ತುರ್ವಿಹಾಳರು 30 ಸಾವಿರಕ್ಕೂ ಹೆಚ್ಚು ಓಟುಗಳಿಂದ ಗೆದ್ದರು. ಯಾರು ಗೆದ್ದರು, ಯಾವ ಪಕ್ಷ ಎಂಬುದು ಇಲ್ಲಿ ನಮ್ಮ ವಿಷಯವಲ್ಲ. ಕೊಟ್ಟ ಓಟಿನ ಲೆಕ್ಕವನ್ನು ಜನ ವಾಪಸು ಕೇಳಿದರು ಎಂಬುದೇ ವಿಷಯ. ಮನೆಯಲ್ಲಿ ಕೂತಿದ್ದರೆ ಆ ಲೆಕ್ಕ ಕೇಳುವವರು ಯಾರು?

ಅದೇ ಹೊತ್ತಿಗೆ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ನಾಲೆಗಾಗಿ ಧರಣಿ ಕೂತಿದ್ದರು. ಓಟು ಹಾಕಿದ ಮರುದಿನ ಹೊಲಕ್ಕೆ ನೀರು ಬರುವುದಿಲ್ಲ, ನಿಜ. ಆದರೆ ಓಟು ಇಲ್ಲದವನ ಧರಣಿಯ ಹತ್ತಿರ ಯಾವ ನಾಯಕನ ಕಾರು ನಿಂತೀತು?

ನಮ್ಮವರು ಹೇಳುವ ಮತ್ತೊಂದು ಮಾತುಂಟು: ‘ನಮ್ಮವರೇ ನಿಂತಿಲ್ಲ, ನಾವ್ಯಾಕೆ ಹೋಗಬೇಕು?’ ಮಸ್ಕಿ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ, ಲಿಂಗಸುಗೂರು ಪರಿಶಿಷ್ಟ ಜಾತಿಯದ್ದು. ಮುಸ್ಲಿಮರಲ್ಲಿ ಹೆಚ್ಚಿನವರು ಅಲ್ಲಿ ನಿಲ್ಲುವ ಹಾಗಿಲ್ಲ, ಇತರ ಅನೇಕ ಸಮುದಾಯದವರೂ ನಿಲ್ಲುವ ಹಾಗಿಲ್ಲ. ಆದರೆ ಓಟು ಎಲ್ಲರಿಗೂ ಉಂಟು. ಶಾಸಕ ತನ್ನ ಜಾತಿಗೆ ಮಾತ್ರ ಶಾಸಕನಲ್ಲ. ಮಸೀದಿಯ ಎದುರಿನ ರಸ್ತೆಗೂ, ನಮ್ಮ ಮಕ್ಕಳು ಹೋಗುವ ಸರಕಾರಿ ಶಾಲೆಗೂ ಅವನೇ ಜವಾಬ್ದಾರ.

ಓಟು ಹಾಕುವುದು ಕಡ್ಡಾಯವಾ? ಸಂವಿಧಾನದ 326ನೇ ವಿಧಿ 18 ತುಂಬಿದವರಿಗೆ ಹಕ್ಕು ಕೊಟ್ಟಿದೆ. 51ಎ ವಿಧಿಯ ಮೂಲಭೂತ ಕರ್ತವ್ಯಗಳ ಪಟ್ಟಿಯಲ್ಲಿ ಮತದಾನ ಇಲ್ಲ. ಹಾಕದಿದ್ದರೆ ದಂಡವೂ ಇಲ್ಲ. ಆದರೆ ದಂಡ ಇಲ್ಲದ್ದೆಲ್ಲ ಹೊಣೆ ಅಲ್ಲ ಎಂದಾಗುತ್ತದಾ? ಓಟು ಒಂದು ಸಾಕ್ಷಿ, ಒಂದು ಅಮಾನತ್ ಎಂದು ಎಷ್ಟೋ ಉಲಮಾಗಳು ವಿವರಿಸಿದ್ದಾರೆ. ಸಾಕ್ಷಿಯನ್ನು ಬಚ್ಚಿಡಬಾರದು, ಅಮಾನತನ್ನು ಅರ್ಹರಿಗೆ ಒಪ್ಪಿಸಬೇಕು ಎಂದು ಮದ್ರಸದ ಮಕ್ಕಳಿಗೂ ಗೊತ್ತು. ಹಣ ತೆಗೆದುಕೊಂಡು ಓಟು ಹಾಕುವುದಂತೂ ಸಾಕ್ಷಿಯನ್ನು ಮಾರಿದ ಹಾಗೆ. ಕೊಟ್ಟವನೂ ತಕೊಂಡವನೂ ದೀನಿನಲ್ಲೂ ಕಾನೂನಿನಲ್ಲೂ ತಪ್ಪಿತಸ್ಥರು. ನಿಂತವರು ಯಾರೂ ಹಿಡಿಸದಿದ್ದರೆ 2013ರಿಂದ ನೋಟಾ ಗುಂಡಿಯೂ ಉಂಟು.

ಇನ್ನು ನಮ್ಮ ಪಾಲಿನ ಹೊಣೆ. 2024ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಕನ್ನಡದಲ್ಲಿ ಮತದಾನ ಏಪ್ರಿಲ್ 26ಕ್ಕೆ ಆಯಿತು. ಲಿಂಗಸುಗೂರು ಸೇರಿದ ರಾಯಚೂರು ಕ್ಷೇತ್ರದಲ್ಲಿ, ಸಿಂಧನೂರು ಮತ್ತು ಮಸ್ಕಿ ಸೇರಿದ ಕೊಪ್ಪಳ ಕ್ಷೇತ್ರದಲ್ಲಿ ಮೇ 7ಕ್ಕೆ. ನಮ್ಮ ಮತದಾನದ ದಿನ ಊರಿಗೆಲ್ಲ ರಜೆ. ಅವರ ಮತದಾನದ ದಿನ ಇಲ್ಲಿ ಸೈಟಿನ ಕೆಲಸ ಎಂದಿನಂತೆ. ಆದರೆ ಜನಪ್ರತಿನಿಧಿ ಕಾಯ್ದೆಯ 135ಬಿ ಪ್ರಕಾರ ಮತದಾನದ ದಿನ ಕೆಲಸದವರಿಗೆ ಸಂಬಳ ಸಹಿತ ರಜೆ ಕೊಡಬೇಕು. ದಿನಗೂಲಿಯವರಿಗೂ, ಬೇರೆ ಕ್ಷೇತ್ರದಲ್ಲಿ ಹೆಸರಿರುವವರಿಗೂ ಅದು ಸಲ್ಲುತ್ತದೆ. ಹೋಗಿಬರಲು ಒಂದೊಂದು ರಾತ್ರಿಯ ಬಸ್ಸು ಪ್ರಯಾಣ. ಕೂಲಿ ತಪ್ಪೀತೆಂದು ಅವರು ಹೋಗದೆ ಉಳಿದರೆ ಆ ಸಾಕ್ಷಿ ತಪ್ಪಿಸಿದವರಲ್ಲಿ ನಾವೂ ಒಬ್ಬರಲ್ಲವಾ? ಗಲ್ಫಿನಲ್ಲಿರುವ ನಮ್ಮ ಮಕ್ಕಳಿಗೂ ಇದೇ ಕಷ್ಟ. ಊರಿಗೆ ಬಂದೇ ಓಟು ಹಾಕಬೇಕು, ಧಣಿ ರಜೆ ಕೊಡಬೇಕು. ದೂರದಲ್ಲಿ ದುಡಿಯುವವನ ಓಟಿನ ಬೆಲೆ ಬ್ಯಾರಿ ಮನೆಗಳಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಈ ವಾರವೇ ಮಾಡಬಹುದಾದ ಮೂರು ಕೆಲಸಗಳುಂಟು. ಮನೆಯವರೆಲ್ಲರ ಹೆಸರು ಮತದಾರರ ಪಟ್ಟಿಯಲ್ಲಿ ಉಂಟಾ ಎಂದು ನೋಡಿ. 1950ಕ್ಕೆ ಫೋನ್ ಮಾಡಿಯೂ ಕೇಳಬಹುದು. 18 ತುಂಬಿದ ಮಕ್ಕಳಿಗೆ ಫಾರ್ಮ್ 6, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳಿಗೆ ವಿಳಾಸ ಬದಲಿಸಲು ಫಾರ್ಮ್ 8 ತುಂಬಿಸಿ. ಮೂರನೆಯದು, ನಿಮ್ಮಲ್ಲಿ ಕೆಲಸ ಮಾಡುವ ಘಟ್ಟದ ಮೇಲಿನವರಿಗೆ, ಅವರ ಮತದಾನದ ದಿನ ಗೊತ್ತಾದ ಕೂಡಲೇ ‘ಸಂಬಳ ಕಡಿಯುವುದಿಲ್ಲ, ಊರಿಗೆ ಹೋಗಿ ಬನ್ನಿ’ ಎಂದು ಮೊದಲೇ ಹೇಳಿಬಿಡಿ.