ಕಾಣೆಯಾದವರ ಲೆಕ್ಕ ಯಾರು ಕೊಡಬೇಕು?

ವಿಯೆಟ್ನಾಮಿನ ಹಳ್ಳಿಯೊಂದರ ಹುಡುಗ ಓದಲೆಂದು ಜಪಾನಿಗೆ ಹೊರಟಿದ್ದಾನೆ ಎಂದಿಟ್ಟುಕೊಳ್ಳಿ. ಏಜೆಂಟನ ಶುಲ್ಕ, ಭಾಷಾ ಶಾಲೆಯ ಮೊದಲ ವರ್ಷದ ಫೀಸು, ವಿಮಾನದ ಖರ್ಚು, ಇವಕ್ಕೆಲ್ಲ ಮನೆಯವರು ಸಾಲ ಮಾಡಿದ್ದಾರೆ. ‘ಅಲ್ಲಿ ದುಡಿಯುತ್ತಲೇ ಓದಬಹುದು’ ಎಂಬುದು ಏಜೆಂಟನ ಭರವಸೆ. ಆದರೆ ಪಾಠ ನಡೆಯುವ ದಿನಗಳಲ್ಲಿ ವಿದೇಶಿ ವಿದ್ಯಾರ್ಥಿಗೆ ಜಪಾನಿನ ಕಾನೂನು ಒಪ್ಪುವುದು ವಾರಕ್ಕೆ 28 ಗಂಟೆಯ ದುಡಿಮೆ ಮಾತ್ರ. ಅದರಲ್ಲಿ ಬಾಡಿಗೆ, ಊಟ ಸಾಗೀತು. ಸಾಲದ ಕಂತು, ಮುಂದಿನ ವರ್ಷದ ಫೀಸು ಹುಟ್ಟುವುದು ಕಷ್ಟ. (ಈ ಗಣಿತ ಏಜೆಂಟನಿಗೆ ಬಾರದ್ದೇನಲ್ಲ!) ಹುಡುಗ ರಾತ್ರಿ ಪಾಳಿಯ ಇನ್ನೊಂದು ಕೆಲಸ ಹಿಡಿಯುತ್ತಾನೆ, ತರಗತಿಯಲ್ಲಿ ತೂಕಡಿಸುತ್ತಾನೆ. ಮಿತಿ ಮೀರಿದ್ದು ಗೊತ್ತಾದರೆ ವೀಸಾ ನವೀಕರಣವಾಗದೆ ಹೋಗಬಹುದು. ಶಿಕ್ಷೆ ಅವನೊಬ್ಬನಿಗೇ.

ಟೋಕಿಯೋ ಫುಕುಶಿ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷಗಳಲ್ಲಿ 1,600ಕ್ಕೂ ಹೆಚ್ಚು ವಿದೇಶಿ ವಿದ್ಯಾರ್ಥಿಗಳು ಕಾಣೆಯಾದ ಸಂಗತಿ 2019ರಲ್ಲಿ ಬಯಲಾಯಿತು. ವಿಯೆಟ್ನಾಂ, ಚೀನಾ, ನೇಪಾಳದವರು ಅವರಲ್ಲಿದ್ದರು. ಪದವಿಗೆ ಮುಂಚಿನ ‘ಸಂಶೋಧನಾ ವಿದ್ಯಾರ್ಥಿ’ ಎಂಬ ವರ್ಗಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸುವಂತೆ ಜಪಾನಿನ ಶಿಕ್ಷಣ ಸಚಿವಾಲಯ ಆ ಸಂಸ್ಥೆಗೆ ಸೂಚಿಸಿತು. ಫೀಸು ಪಡೆದವರನ್ನೇ ಹಾಜರಿಯ ಲೆಕ್ಕ ಕೇಳಿದ್ದು ಸರಿಯಾದ ಕ್ರಮವೇ. ಆದರೆ ಹುಡುಗನ ಊರಿನಲ್ಲಿ ಕುಳಿತು ಭರವಸೆ ಮಾರಿದ ಏಜೆಂಟನ ಕಚೇರಿಯವರೆಗೆ ಟೋಕಿಯೋದ ಆದೇಶ ತಲುಪುವುದಿಲ್ಲ. ಅವನಿಗೆ ಲೈಸೆನ್ಸು ಕೊಡುವುದೂ ಕಸಿಯುವುದೂ ವಿಯೆಟ್ನಾಮಿನ ಆಡಳಿತದ ಕೈಯಲ್ಲಿದೆ.